ಕಾಫಿ ಬಿಟ್ಟರೂ ತಲೆನೋವು, ಮಾತ್ರೆ ಇಟ್ಟರೂ ತಲೆನೋವು: ಮೆದುಳಿನ ರಕ್ತನಾಳಕ್ಕೆ ಸುದ್ದಿ ಮುಟ್ಟುವುದು ಹೇಗೆ?

ಪ್ರಶ್ನೆ: ನನಗೆ 58 ವರ್ಷ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಬೇಕೇ ಬೇಕು. ಏಕಾದಶಿ ದಿನ ಮಾತ್ರ ಮುಟ್ಟುವುದಿಲ್ಲ. ಅವತ್ತು ಮಧ್ಯಾಹ್ನ ಆಗುತ್ತಿದ್ದಂತೆ ತಲೆ ಸಿಡಿಯೋಕೆ ಶುರು. ಮರುದಿನ ಪಾರಣೆ ಮುಗಿಸಿ ಒಂದು ಲೋಟ ಕಾಫಿ ಕುಡಿದರೆ ಮುಕ್ಕಾಲು ಗಂಟೆಯಲ್ಲಿ ನೋವು ಮಾಯ. ನಮ್ಮ ಯಜಮಾನರದ್ದು ಉಲ್ಟಾ. ಎದೆನೋವು ಬಂದಾಗ ನಾಲಿಗೆ ಕೆಳಗಿಡೋಕೆ ಒಂದು ಮಾತ್ರೆ ಕೊಟ್ಟಿದ್ದಾರೆ. ಇಟ್ಟುಕೊಂಡ ಐದು ನಿಮಿಷಕ್ಕೆ ತಲೆ ಧಿಮ್ ಅನ್ನುತ್ತದೆ ಅವರಿಗೆ. ಫಾರ್ಮಸಿ ಓದುತ್ತಿರುವ ಮಗಳು "ಎರಡೂ ಮೆದುಳಿನ ರಕ್ತನಾಳ ಹಿಗ್ಗೋದರಿಂದ ಆಗೋದು" ಅಂತಾಳೆ. ರಕ್ತನಾಳ ಅಂದ್ರೆ ಪೈಪು ಅಲ್ವಾ? ನಾನು ಕಾಫಿ ಬಿಟ್ಟಿದ್ದು, ಅವರು ಮಾತ್ರೆ ಇಟ್ಟಿದ್ದು ಪೈಪಿಗೆ ಹೇಗೆ ಗೊತ್ತಾಗುತ್ತೆ?

ಉತ್ತರ: ನಿಮ್ಮ ಮಗಳು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಆ ಪೈಪಿನ ವಿಷಯ.

ಮೂವತ್ತು ವರ್ಷ ಮೆಡಿಕಲ್ ವಿದ್ಯಾರ್ಥಿಗಳಿಗೆ ಫಿಸಿಯಾಲಜಿ ಪಾಠ ಹೇಳಿದವನು ನಾನು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ರಕ್ತನಾಳದ ಚಿತ್ರ ಬರೆಯಿರಿ ಅಂದರೆ ಎಲ್ಲರೂ ಎರಡು ಗೆರೆ ಎಳೆದು ಮಧ್ಯೆ ಬಾಣದ ಗುರುತು ಹಾಕುತ್ತಿದ್ದರು. ಅದೇ ಪೈಪು! ನಿಜಕ್ಕೂ ಸಣ್ಣ ರಕ್ತನಾಳವೊಂದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಕಾಣುವುದೇ ಬೇರೆ. ಒಳಗಡೆ, ರಕ್ತ ತಾಗುವ ಜಾಗದಲ್ಲಿ, ಚಪ್ಪಟೆಯಾದ ಜೀವಕೋಶಗಳ ಒಂದೇ ಒಂದು ಪದರ ಇರುತ್ತದೆ. ನೆಲಕ್ಕೆ ಹಾಸಿದ ಕಡಪಾ ಕಲ್ಲಿನ ಹಾಗೆ ಒಂದಕ್ಕೊಂದು ತಾಗಿಕೊಂಡು. ಇದಕ್ಕೆ ಎಂಡೋಥೀಲಿಯಂ ಅನ್ನುತ್ತಾರೆ. ನಾನು ಒಳಪದರ ಅಂತಲೇ ಕರೆಯುತ್ತೇನೆ. ಅದರ ಸುತ್ತ ಬಳೆಯ ಹಾಗೆ ಸ್ನಾಯು ಕೋಶಗಳು. ಅವು ಬಿಗಿದುಕೊಂಡರೆ ನಾಳ ಕಿರಿದಾಗುತ್ತದೆ, ಸಡಿಲಬಿಟ್ಟರೆ ಅಗಲವಾಗುತ್ತದೆ. ಮೆದುಳಿನಲ್ಲಾದರೆ ಈ ಎರಡರ ಹೊರಗೆ ಮೂರನೆಯದೊಂದು ಸುತ್ತು. ಆಸ್ಟ್ರೋಸೈಟ್ ಎಂಬ ನಕ್ಷತ್ರದಾಕಾರದ ಕೋಶಗಳು ತಮ್ಮ ಪಾದಗಳನ್ನು ರಕ್ತನಾಳಕ್ಕೆ ಒತ್ತಿಕೊಂಡು ಕೂತಿರುತ್ತವೆ.

ಹೀಗೆ ಜೀವಂತ ಕೋಶಗಳೇ ಸೇರಿ ಕಟ್ಟಿದ ನಾಳ ಅದು. ಅವುಗಳ ಮೈಮೇಲೆ ನೂರಾರು ಬಗೆಯ ರಿಸೆಪ್ಟರುಗಳಿವೆ. ಒಂದೊಂದು ರಿಸೆಪ್ಟರು ಒಂದೊಂದು ರಾಸಾಯನಿಕ ಬಂದು ಕೂರಲು ಮಾಡಿದ ಪೀಠ ಅನ್ನಿ. ಪೀಠಕ್ಕೆ ಸರಿಯಾದವರು ಬಂದು ಕೂತರೆ ಕೋಶದೊಳಗೆ ಸುದ್ದಿ ಹೋಗುತ್ತದೆ. ನಿಮ್ಮ ಕಾಫಿ, ಅವರ ಮಾತ್ರೆ ಎರಡೂ ಈ ಸುದ್ದಿಯ ದಾರಿಯಲ್ಲೇ ಕೈಯಾಡಿಸುವುದು.

ನಾನು ಕಣ್ಣಾರೆ ನೋಡಿದ ಒಂದು ಪ್ರಯೋಗ ಹೇಳುತ್ತೇನೆ. ಕಸಾಯಿಖಾನೆಯಿಂದ ಮೇಕೆಯ ಕುತ್ತಿಗೆಯ ರಕ್ತನಾಳ ತರಿಸುತ್ತಿದ್ದೆವು. ಅದರಿಂದ ನಾಲ್ಕು ಮಿಲಿಮೀಟರಿನ ಒಂದು ತುಂಡು, ಉಂಗುರದ ಹಾಗೆ. ಎರಡು ಸಣ್ಣ ತಂತಿ ಕೊಕ್ಕೆಯಲ್ಲಿ ಅದನ್ನು ಸಿಕ್ಕಿಸಿ, 37 ಡಿಗ್ರಿ ಬೆಚ್ಚಗಿನ ಉಪ್ಪುನೀರಿನಲ್ಲಿ ಇಳಿಬಿಡುವುದು. ನೀರಿನೊಳಗೆ ಆಕ್ಸಿಜನ್ ಗುಳ್ಳೆಗಳು ಬುಳುಬುಳು ಅಂತ ಏಳುತ್ತಿರಬೇಕು. ಒಂದು ಕೊಕ್ಕೆಗೆ ಕಟ್ಟಿದ ದಾರ ಮೇಲೆ ಪೆನ್ನಿಗೆ ಹೋಗುತ್ತದೆ. ನಾಳ ಬಿಗಿದರೆ ಪೆನ್ನು ಮೇಲಕ್ಕೆ, ಸಡಿಲವಾದರೆ ಕೆಳಕ್ಕೆ. ಮೊದಲು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಹಾಕಿದರೆ ಪೆನ್ನು ಸರ್ರನೆ ಏರುತ್ತದೆ. ಆಮೇಲೆ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಒಂದು ಹನಿ. ಪೆನ್ನು ನಿಧಾನವಾಗಿ ಇಳಿಯುತ್ತದೆ. ಇಷ್ಟು ಎಲ್ಲ ವರ್ಷವೂ ಆಗುತ್ತಿತ್ತು.

ಒಂದು ವರ್ಷ ಒಬ್ಬ ಹುಡುಗನ ಉಂಗುರ ಮಾತ್ರ ಇಳಿಯಲೇ ಇಲ್ಲ. ಔಷಧಿ ಹಳೆಯದಿರಬೇಕು ಅಂದುಕೊಂಡು ಹೊಸದು ಹಾಕಿದೆವು. ಊಹೂಂ. ಕೊನೆಗೆ ವಿಚಾರಿಸಿದರೆ ಆ ಪುಣ್ಯಾತ್ಮ ಒಳಗಡೆ ರಕ್ತ ಅಂಟಿಕೊಂಡಿದೆ ಅಂತ ಹತ್ತಿ ಸುತ್ತಿದ ಕಡ್ಡಿಯಿಂದ ಚೆನ್ನಾಗಿ ಉಜ್ಜಿ ತೊಳೆದಿದ್ದ. ರಕ್ತದ ಜೊತೆ ಒಳಪದರವನ್ನೂ ಒರೆಸಿ ಎಸೆದಿದ್ದ. ಸ್ನಾಯು ಹಾಗೇ ಇತ್ತು, ಔಷಧಿಯೂ ಅದೇ. ಸುದ್ದಿ ಕೇಳುವವರೇ ಇರಲಿಲ್ಲ.

ನಾವು ನಕ್ಕು ಸುಮ್ಮನಾದೆವು. ಆದರೆ ಇದೇ ಎಡವಟ್ಟು ಒಂದು ನೊಬೆಲ್ ಪ್ರಶಸ್ತಿಯ ಹಿಂದಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಇದ್ದರು. ಮೊಲದ ಮಹಾಪಧಮನಿಯ ಪಟ್ಟಿಗಳ ಮೇಲೆ ಅಸಿಟೈಲ್‌ಕೋಲಿನ್ ಹಾಕಿದರೆ ಅವು ಬಿಗಿಯುತ್ತವೆ ಎಂದು 1953 ರಲ್ಲೇ ಬರೆದಿದ್ದರು. ಬದುಕಿರುವ ಪ್ರಾಣಿಯಲ್ಲಿ ಅದೇ ರಾಸಾಯನಿಕ ನಾಳವನ್ನು ಸಡಿಲ ಮಾಡುತ್ತದೆ. ಇದ್ಯಾಕೆ ಹೀಗೆ ಅಂತ 25 ವರ್ಷ ಬಗೆಹರಿಯಲಿಲ್ಲ. 1978 ರಲ್ಲಿ ಅವರ ಲ್ಯಾಬಿನ ಸಹಾಯಕರು, ಫರ್ಚ್‌ಗಾಟ್ ಹೇಳಿದ್ದ ಕ್ರಮ ಬಿಟ್ಟು, ಒಂದು ಹೆಜ್ಜೆ ತಪ್ಪಾಗಿ ಮಾಡಿದರು. ಅವತ್ತು ನಾಳ ಸಡಿಲವಾಯಿತು! ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಹಿಂದೆಲ್ಲ ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿಹೋಗುತ್ತಿತ್ತು. ಈ ಸಲ ಉಜ್ಜಿರಲಿಲ್ಲ.

ಆಮೇಲೆ ಫರ್ಚ್‌ಗಾಟ್ ಒಂದು ಚಂದದ ಕೆಲಸ ಮಾಡಿದರು. ಒಳಪದರ ಕೆರೆದ ಒಂದು ಪಟ್ಟಿ, ಒಳಪದರ ಉಳಿದ ಇನ್ನೊಂದು ಪಟ್ಟಿ, ಎರಡನ್ನೂ ಬ್ರೆಡ್ ಸ್ಯಾಂಡ್‌ವಿಚ್ಚಿನ ಹಾಗೆ ಮುಖಕ್ಕೆ ಮುಖ ಕೊಟ್ಟು ಜೋಡಿಸಿದರು. ಅಸಿಟೈಲ್‌ಕೋಲಿನ್ ಹಾಕಿದಾಗ ಕೆರೆದ ಪಟ್ಟಿಯೂ ಸಡಿಲವಾಯಿತು. ಅಂದರೆ ಒಳಪದರದಿಂದ ಏನೋ ಒಂದು ಹೊರಟು ಪಕ್ಕದ ಸ್ನಾಯುವಿಗೆ ಹೋಗುತ್ತಿದೆ. 1980 ರಲ್ಲಿ ಇದು ಪ್ರಕಟವಾಯಿತು. ಆ 'ಏನೋ ಒಂದು' ನೈಟ್ರಿಕ್ ಆಕ್ಸೈಡ್ ಅನಿಲ ಎಂದು ಖಚಿತವಾಗಿದ್ದು 1987 ರಲ್ಲಿ. ಮೋಟಾರು ಬೈಕಿನ ಹೊಗೆಯಲ್ಲೂ ಇರುವ ಅನಿಲ ಅದು. ಕೆಲವೇ ಸೆಕೆಂಡು ಬಾಳುವ ಇಂಥ ಅನಿಲ ದೇಹದಲ್ಲಿ ದೂತನ ಕೆಲಸ ಮಾಡುತ್ತದೆ ಅಂದಾಗ ಮೊದಮೊದಲು ನಂಬಿದವರು ಕಡಿಮೆ. ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿದ್ ಮುರಾದ್ ಮೂವರಿಗೂ 1998 ರಲ್ಲಿ ನೊಬೆಲ್ ಬಂತು.

ಇದರಲ್ಲಿ ನನಗೆ ಇವತ್ತಿಗೂ ಸೋಜಿಗ ಅನ್ನಿಸುವ ಒಂದು ವಿಷಯ ಇದೆ. ಅಸಿಟೈಲ್‌ಕೋಲಿನ್ ಒಳಪದರದ ಕೋಶಕ್ಕೆ ಮುಟ್ಟಿದಾಗ ಆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಸ್ನಾಯುವಿಗೇ ನೇರ ಮುಟ್ಟಿದರೆ ಅಲ್ಲೂ ಕ್ಯಾಲ್ಸಿಯಂ ಏರುತ್ತದೆ. ಒಳಪದರದಲ್ಲಿ ಕ್ಯಾಲ್ಸಿಯಂ ಏರಿದರೆ ನೈಟ್ರಿಕ್ ಆಕ್ಸೈಡ್ ತಯಾರಾಗಿ ನಾಳ ಸಡಿಲ. ಸ್ನಾಯುವಿನಲ್ಲಿ ಏರಿದರೆ ನಾಳ ಬಿಗಿ. ಅದೇ ರಾಸಾಯನಿಕ, ಅದೇ ಕ್ಯಾಲ್ಸಿಯಂ, ಫಲ ಮಾತ್ರ ತದ್ವಿರುದ್ಧ. ಹಾಗಾಗಿ "ಈ ರಾಸಾಯನಿಕ ನಾಳ ಹಿಗ್ಗಿಸುತ್ತೆ, ಅದು ಕುಗ್ಗಿಸುತ್ತೆ" ಅಂತ ಪಟ್ಟಿ ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಕೋಶ ಕೇಳಿಸಿಕೊಂಡಾಗ?

ಈಗ ನಿಮ್ಮ ಯಜಮಾನರ ಮಾತ್ರೆ. ನಾಲಿಗೆ ಕೆಳಗಿಡುವುದು ಅಂದಿರಲ್ಲ, ಬಹುಶಃ ಐಸೋಸಾರ್ಬೈಡ್ ಡೈನೈಟ್ರೇಟ್. ಎದೆನೋವಿಗೇ ಕೊಡುವ ನೈಟ್ರೋಗ್ಲಿಸರಿನ್ ಎಂಬ ಔಷಧಿಯ ಹತ್ತಿರದ ನೆಂಟ. ಇದು ದೇಹದಲ್ಲಿ ಒಡೆದು ನೇರವಾಗಿ ನೈಟ್ರಿಕ್ ಆಕ್ಸೈಡನ್ನೇ ಕೊಡುತ್ತದೆ. ಒಳಪದರ ಕೇಳಿಸಿಕೊಂಡು, ತಯಾರಿಸಿ, ಆಚೆ ದಾಟಿಸಬೇಕಾದ ಕೆಲಸವೇ ಇಲ್ಲ. ಸುದ್ದಿ ಸೀದಾ ಸ್ನಾಯುವಿಗೆ. ಸ್ನಾಯು ಕೋಶದೊಳಗೆ ಸಿಜಿಎಂಪಿ ಎಂಬ ಸಣ್ಣ ಅಣು ಹೆಚ್ಚುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಮಾತ್ರೆ ಬೇಕಾಗಿದ್ದು ಎದೆಗೆ. ಆದರೆ ರಕ್ತಕ್ಕೆ ಸೇರಿದ ಮೇಲೆ ಅದು ಎದೆಗೆ ಮಾತ್ರ ಹೋಗು ಅಂದರೆ ಕೇಳುತ್ತದೆಯೇ? ತಲೆಯ ನಾಳಗಳೂ ಹಿಗ್ಗುತ್ತವೆ.

ಈ ತಲೆನೋವಿನ ಇತಿಹಾಸ ಮಾತ್ರೆಗಿಂತ ಹಳೆಯದು. 1847 ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೊ ಸೊಬ್ರೆರೊ ನೈಟ್ರೋಗ್ಲಿಸರಿನ್ ತಯಾರಿಸಿದರು. ಚೂರು ನಾಲಿಗೆಗೆ ತಾಗಿಸಿಕೊಂಡರೂ ತಲೆ ಬಡಿಯುವ ನೋವು ಬರುತ್ತದೆ ಎಂದು ಆಗಲೇ ಬರೆದಿಟ್ಟರು. ಮುಂದೆ ಆಲ್‌ಫ್ರೆಡ್ ನೊಬೆಲ್ ಅದರಿಂದ ಡೈನಮೈಟ್ ಮಾಡಿದಾಗ ಕಾರ್ಖಾನೆಯ ಕೆಲಸಗಾರರಿಗೆ ಇದೇ ಕಾಟ. ಸೋಮವಾರ ಕೆಲಸಕ್ಕೆ ಬಂದರೆ ತಲೆನೋವು. ಮಂಗಳವಾರ, ಬುಧವಾರ ಹೊತ್ತಿಗೆ ಮೈ ಒಗ್ಗಿಕೊಂಡು ಕಡಿಮೆ. ಭಾನುವಾರ ಮನೆಯಲ್ಲಿದ್ದರೆ ಒಗ್ಗಿದ್ದೆಲ್ಲ ಹೋಯಿತು, ಸೋಮವಾರ ಮತ್ತೆ ಶುರು. ಕೆಲವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ರಜಾದಿನ ಟೋಪಿಯ ಪಟ್ಟಿಯೊಳಗೆ ಚೂರು ನೈಟ್ರೋಗ್ಲಿಸರಿನ್ ಸವರಿಕೊಂಡು ಓಡಾಡುವುದು! ಚರ್ಮದ ಮೂಲಕ ಒಳಗಿಳಿದು ಅಭ್ಯಾಸ ತಪ್ಪದಂತೆ ನೋಡಿಕೊಳ್ಳುತ್ತಿತ್ತು. ಕೊನೆಗಾಲದಲ್ಲಿ ಹೃದಯದ ತೊಂದರೆಗೆ ವೈದ್ಯರು ನೊಬೆಲ್‌ಗೂ ಇದೇ ನೈಟ್ರೋಗ್ಲಿಸರಿನ್ ಬರೆದುಕೊಟ್ಟರು.

ಟೋಪಿಯ ಕಥೆ ನೆನಪಿಟ್ಟುಕೊಳ್ಳಿ. ನಿಮ್ಮ ಏಕಾದಶಿ ಅದರ ತಲೆಕೆಳಗಾದ ರೂಪ.

ಕಾಫಿಗೆ ಬರುವ ಮುಂಚೆ ಮೆದುಳು ತನ್ನ ನಾಳಗಳಿಗೆ ಏನು ಹೇಳುತ್ತಿರುತ್ತದೆ ಅನ್ನುವುದು ಗೊತ್ತಿರಬೇಕು. ಮೆದುಳಿನ ತೂಕ ಮೈತೂಕದ ನೂರಕ್ಕೆ ಎರಡು ಭಾಗ. ಆದರೆ ನಾವು ಸುಮ್ನೆ ಕೂತಿದ್ದಾಗಲೂ ದೇಹದ ಆಕ್ಸಿಜನ್ನಿನ ಐದನೇ ಒಂದು ಭಾಗ ಅದಕ್ಕೇ ಬೇಕು. ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರ್ ರಕ್ತ. ಕೂಡಿಡುವ ಉಗ್ರಾಣ ಅಲ್ಲಿಲ್ಲ. ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡಿನೊಳಗೆ ಎಚ್ಚರ ತಪ್ಪುತ್ತದೆ. ಎಲ್ಲ ಕಡೆಗೂ ಸದಾ ಜಾಸ್ತಿ ರಕ್ತ ಬಿಡೋಣ ಅಂದರೆ ತಲೆಬುರುಡೆ ಗಟ್ಟಿ ಡಬ್ಬಿ, ಹಿಗ್ಗಲು ಜಾಗವಿಲ್ಲ. ಹಾಗಾಗಿ ಎಲ್ಲಿ ಕೆಲಸ ನಡೆಯುತ್ತಿದೆಯೋ ಅಲ್ಲಿಗೆ, ಆಗಿಂದಾಗಲೇ ನೀರು ತಿರುಗಿಸಬೇಕು. ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿರುಗಿಸುವವರು ಯಾರು? ಮೆದುಳು ಕೆಲಸ ಮಾಡಿದಾಗ ಹುಟ್ಟುವ ರಾಸಾಯನಿಕಗಳೇ ಅಲ್ಲಿನ ನಾಳಗಳನ್ನು ಹಿಗ್ಗಿಸುತ್ತವೆ ಎಂದು ರಾಯ್ ಮತ್ತು ಶೆರಿಂಗ್ಟನ್ ಎಂಬ ಇಬ್ಬರು ವಿಜ್ಞಾನಿಗಳು 1890 ರಲ್ಲೇ ಹೇಳಿದ್ದರು. ಅದು ಯಾವ ರಾಸಾಯನಿಕ ಅಂತ ಹುಡುಕಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಸಿಕ್ಕ ಉತ್ತರ ಒಂದಲ್ಲ, ಒಂದು ಡಜನ್. ನೀವು ಈ ಸಾಲು ಓದುವಾಗ ತಲೆಯ ಹಿಂಭಾಗದ ನರಕೋಶಗಳು ಗ್ಲುಟಮೇಟ್ ಬಿಡುತ್ತಿವೆ. ಅದು ತಾಗಿದ ಪಕ್ಕದ ಕೆಲವು ನರಕೋಶಗಳು ನೈಟ್ರಿಕ್ ಆಕ್ಸೈಡ್ ಮಾಡುತ್ತವೆ. ಆಸ್ಟ್ರೋಸೈಟುಗಳು ಪ್ರೋಸ್ಟಗ್ಲಾಂಡಿನ್ ಬಿಡುತ್ತವೆ. ಇವೆಲ್ಲ ಅಲ್ಲೇ ಹತ್ತಿರದ ನಾಳವನ್ನು ಸಡಿಲಿಸುತ್ತವೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಪೊಟ್ಯಾಸಿಯಂ ಕಥೆ. ಮೆದುಳಿನ ಅತಿ ಸಣ್ಣ ನಾಳಗಳನ್ನು, ಅಂದರೆ ಲೋಮನಾಳಗಳನ್ನು, ಸಾಲಾಗಿ ಜೋಡಿಸಿದರೆ 600 ಕಿಲೋಮೀಟರಿಗೂ ಉದ್ದ. ಬೆಂಗಳೂರಿನಿಂದ ಹೊರಟರೆ ಬೀದರ್‌ಗೆ ಸ್ವಲ್ಪವೇ ಕಡಿಮೆ. ಅವು ಎಷ್ಟು ಸಪೂರ ಅಂದರೆ ಕೆಂಪು ರಕ್ತಕಣ ಮೈ ಮಡಚಿಕೊಂಡು ನುಸುಳಬೇಕು. ಅವಕ್ಕೆ ಬಳೆಯಂಥ ಸ್ನಾಯು ಇಲ್ಲ. ಅಲ್ಲಲ್ಲಿ ಪೆರಿಸೈಟ್ ಎಂಬ ಕೋಶಗಳು ಅಪ್ಪಿಕೊಂಡಿರುತ್ತವೆ, ಅಷ್ಟೇ. ಸ್ನಾಯು ಇಲ್ಲದ ಮೇಲೆ ಇವುಗಳ ಪಾತ್ರ ಏನಿದೆ, ಬಂದ ರಕ್ತ ದಾಟಿಸುವುದಷ್ಟೇ ಅಂತ ನಾವೂ ಪಾಠ ಮಾಡುತ್ತಿದ್ದೆವು. ತಪ್ಪು. ನರಕೋಶ ಕೆಲಸ ಮಾಡಿದಾಗಲೆಲ್ಲ ಒಂದಿಷ್ಟು ಪೊಟ್ಯಾಸಿಯಂ ಹೊರಗೆ ಚೆಲ್ಲುತ್ತದೆ. ಅಲ್ಲೇ ಕೂದಲೆಳೆಯ ಕಾಲು ಭಾಗದಷ್ಟು ದೂರದಲ್ಲಿ ಲೋಮನಾಳ. ಅದರ ಒಳಪದರದ ಕೋಶಗಳಲ್ಲಿ ಪೊಟ್ಯಾಸಿಯಂ ಹೆಚ್ಚಾದ ಕೂಡಲೇ ತೆರೆದುಕೊಳ್ಳುವ ಬಾಗಿಲುಗಳಿವೆ. ಬಾಗಿಲು ತೆರೆದಾಗ ಕೋಶದ ವಿದ್ಯುತ್ ಮಟ್ಟ ಬದಲಾಗುತ್ತದೆ. ಆ ಬದಲಾವಣೆ ಪಕ್ಕದ ಕೋಶಕ್ಕೆ, ಅದರಿಂದ ಮುಂದಿನದಕ್ಕೆ, ಹೀಗೆ ರಕ್ತ ಬರುವ ದಿಕ್ಕಿಗೆ ಎದುರಾಗಿ ಓಡುತ್ತದೆ. ಮೇಲೆ ಸ್ನಾಯು ಇರುವ ನಾಳ ತಲುಪಿದಾಗ ಅದು ಸಡಿಲವಾಗುತ್ತದೆ, ಕೆಳಗೆ ರಕ್ತ ಜಾಸ್ತಿ ಬರುತ್ತದೆ. ಕಾಲುವೆಯ ಕೊನೆಯ ಗದ್ದೆಯವನು ಕೂಗು ಹಾಕಿದ್ದಕ್ಕೆ ಮೇಲಿನ ತೂಬು ಎತ್ತಿದ ಹಾಗೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ತಂಡ ಇದನ್ನು 2017 ರಲ್ಲಿ ತೋರಿಸಿತು. ಲೋಮನಾಳದ ಮೇಲೆ ಸಣ್ಣ ಕೊಳವೆಯಿಂದ ಪೊಟ್ಯಾಸಿಯಂ ಚಿಮುಕಿಸಿದರೆ ದೂರದಲ್ಲಿ ಮೇಲಿನ ನಾಳ ಹಿಗ್ಗಿತು.

ಇಲ್ಲೂ ಹಳೆಯ ತಕರಾರೇ. ನರಕೋಶದ ಸುತ್ತ ಸಾಮಾನ್ಯವಾಗಿ ಲೀಟರಿಗೆ 3 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. 8–10ಕ್ಕೆ ಏರಿದರೆ ನಾಳ ಹಿಗ್ಗುತ್ತದೆ. 20 ದಾಟಿದರೆ ಅದೇ ನಾಳ ಸೆಟೆದುಕೊಳ್ಳುತ್ತದೆ.

ಈಗ ಕಾಫಿ. ಕೋಶಗಳ ಇಂಧನ ಎಟಿಪಿ. ಅದನ್ನು ಖರ್ಚು ಮಾಡುತ್ತಾ ಹೋದಂತೆ ಅಡೆನೊಸಿನ್ ಎಂಬ ಅಣು ಉಳಿಯುತ್ತದೆ, ಒಲೆ ಉರಿದ ಮೇಲೆ ಬೂದಿ ಉಳಿದ ಹಾಗೆ. ಬೂದಿ ಜಾಸ್ತಿ ಇದೆ ಅಂದರೆ ಇಲ್ಲಿ ಬೆಂಕಿ ಚೆನ್ನಾಗಿ ಉರಿದಿದೆ ಅಂತ ಅರ್ಥ ಅಲ್ವಾ? ಮೆದುಳು ಅಡೆನೊಸಿನ್ನನ್ನು ಹಾಗೇ ಓದುತ್ತದೆ. ನರಕೋಶಗಳಿಗೆ ಅದು ಹೇಳುವುದು 'ಸಾಕು, ಮಲಗು'. ರಕ್ತನಾಳಕ್ಕೆ ಹೇಳುವುದು 'ಸಡಿಲವಾಗು, ಇಲ್ಲಿಗೆ ರಕ್ತ ಕಳಿಸು'. ನಾಳದ ಸ್ನಾಯುವಿನ ಮೇಲೆ ಅದಕ್ಕೆಂದೇ ಪೀಠಗಳಿವೆ. ಕೂತರೆ ಒಳಗೆ ಸಿಎಎಂಪಿ ಎಂಬ ಅಣು ಏರುತ್ತದೆ, ಸ್ನಾಯು ಸಡಿಲವಾಗುತ್ತದೆ. ಮಾತ್ರೆಯದ್ದು ಸಿಜಿಎಂಪಿ, ಅಡೆನೊಸಿನ್ನದ್ದು ಸಿಎಎಂಪಿ. ದಾರಿ ಬೇರೆ, ತಲುಪುವ ಊರು ಒಂದೇ. ಮಗಳು ಹೇಳಿದ ಮುಕ್ಕಾಲು ಪಾಲು ಸರಿ ಅಂದೆನಲ್ಲ, ಅದು ಇದು.

ಕೆಫೀನ್ ಅಣು ನೋಡಲು ಅಡೆನೊಸಿನ್ ಹಾಗೇ ಇದೆ. ಪೀಠದ ಮೇಲೆ ಬಂದು ಕೂರುತ್ತದೆ, ಸುದ್ದಿ ಮಾತ್ರ ಹೇಳುವುದಿಲ್ಲ. ಬಸ್ಸಿನಲ್ಲಿ ಸೀಟಿಗೆ ಟವಲ್ ಹಾಕಿ ಹೋದವರ ಹಾಗೆ. ಅಡೆನೊಸಿನ್ ಬಂದರೂ ಜಾಗ ಇಲ್ಲ. ನರಕೋಶಕ್ಕೆ ನಿದ್ದೆಯ ಸುದ್ದಿ ಮುಟ್ಟದೆ ನಿಮಗೆ ಚುರುಕು. ರಕ್ತನಾಳಕ್ಕೆ ಹಿಗ್ಗುವ ಸುದ್ದಿ ಮುಟ್ಟದೆ ಅದು ಸ್ವಲ್ಪ ಕಿರಿದು. 250 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಲ್ಲಿ ಮೆದುಳಿನ ರಕ್ತದ ಹರಿವು ಸುಮಾರು ಕಾಲು ಭಾಗ ಇಳಿದದ್ದನ್ನು ಅಳೆದಿದ್ದಾರೆ. ಕಾಫಿ ಕುಡಿದರೆ ತಲೆಗೆ ರಕ್ತ ನುಗ್ಗುತ್ತದೆ ಅಂದುಕೊಂಡವರಿಗೆ ಇದು ಕೇಳಿ ಆಶ್ಚರ್ಯವಾಗುತ್ತದೆ.

ವರ್ಷಗಟ್ಟಲೆ ದಿನಕ್ಕೆ ಮೂರು ಲೋಟ ಅಂದರೆ ಸೀಟುಗಳ ಮೇಲೆ ಸದಾ ಟವಲ್. ಮೆದುಳು ಸುಮ್ಮನಿರುತ್ತದೆಯೇ? ಅಡೆನೊಸಿನ್ ಮಾತಿಗೆ ಇನ್ನಷ್ಟು ಕಿವಿ ಚುರುಕು ಮಾಡಿಕೊಳ್ಳುತ್ತದೆ, ಇನ್ನೊಂದಿಷ್ಟು ಸೀಟು ಹಾಕಿಸುತ್ತದೆ. ಕಾಫಿ ಇದ್ದಷ್ಟು ದಿನ ಎಲ್ಲ ಸಮ. ದಶಮಿ ಸಂಜೆ ಕೊನೆಯ ಲೋಟ ಕುಡಿದಿರಿ ಅನ್ನಿ. ಕೆಫೀನ್ ಸುಮಾರು ಐದು ಗಂಟೆಗೊಮ್ಮೆ ಅರ್ಧರ್ಧ ಕರಗುತ್ತದೆ. ಏಕಾದಶಿ ಮಧ್ಯಾಹ್ನದ ಹೊತ್ತಿಗೆ ಎಲ್ಲ ಟವಲ್ ಖಾಲಿ, ಸೀಟು ಮಾತ್ರ ಜಾಸ್ತಿ. ಅಡೆನೊಸಿನ್ ಬಂದು ಎಲ್ಲ ಕಡೆ ಕೂರುತ್ತದೆ. ನಾಳಗಳು ಅಗತ್ಯಕ್ಕಿಂತ ಹಿಗ್ಗುತ್ತವೆ. ಈ ತಲೆನೋವು ಶುರುವಾಗುವುದು ಸಾಮಾನ್ಯವಾಗಿ ಕೊನೆಯ ಕಾಫಿಯಾದ 12 ರಿಂದ 24 ಗಂಟೆಯಲ್ಲಿ. ನೀವು ಹೇಳಿದ ಹೊತ್ತು ಇದಕ್ಕೆ ಸರಿಯಾಗಿ ಕೂರುತ್ತದೆ. ಡೈನಮೈಟಿನವರಿಗೆ ಹಿಗ್ಗಿಸುವ ಸುದ್ದಿ ಮರಳಿ ಬಂದಾಗ ನೋವು, ನಿಮಗೆ ತಡೆಯುವವನು ಎದ್ದು ಹೋದಾಗ ನೋವು.

ಇನ್ನು ಆ ಕಾಲು ಪಾಲು. ನಾಳ ಹಿಗ್ಗಿದ್ದಕ್ಕೇ ನೋಯುತ್ತದೆ ಅನ್ನುವುದು ಅಷ್ಟು ಸಲೀಸಲ್ಲ. ಮೆದುಳಿಗೆ ನೋವಿನ ಅರಿವೇ ಇಲ್ಲ. ನೋವು ತಿಳಿಯುವುದು ಅದನ್ನು ಸುತ್ತಿದ ಪೊರೆಗೆ, ಆ ಪೊರೆಯ ರಕ್ತನಾಳಗಳನ್ನು ಹೆಣೆದುಕೊಂಡಿರುವ ನರಗಳಿಗೆ. ಮೈಗ್ರೇನ್ ಇರುವವರಿಗೆ ನೈಟ್ರೋಗ್ಲಿಸರಿನ್ ಕೊಟ್ಟು ನೋಡಿದ್ದಾರೆ. ಕೊಟ್ಟ ತಕ್ಷಣ ಒಂದು ಸಣ್ಣ ತಲೆನೋವು, ನಿಮ್ಮ ಯಜಮಾನರಿಗೆ ಬರುವಂಥದ್ದು. ಅಸಲಿ ಮೈಗ್ರೇನ್ ಬರುವುದು ನಾಲ್ಕಾರು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ನಾಳ ಮೊದಲಿನ ಅಳತೆಗೆ ಬಂದಿರುತ್ತದೆ! ಆಗ ಮುಖ್ಯ ಪಾತ್ರ ನರದ ತುದಿಯಿಂದ ಹೊರಡುವ ಸಿಜಿಆರ್‌ಪಿ ಎಂಬ ರಾಸಾಯನಿಕದ್ದು. ಅದು ನಾಳವನ್ನೂ ಹಿಗ್ಗಿಸುತ್ತದೆ, ನರಗಳನ್ನೂ ಕೆರಳಿಸುತ್ತದೆ. ಮೈಗ್ರೇನ್ ಬಂದಾಗ ಕುತ್ತಿಗೆಯ ರಕ್ತದಲ್ಲಿ ಇದು ಏರಿರುತ್ತದೆ ಎಂದು 1990 ರಲ್ಲಿ ಗೊತ್ತಾಯಿತು. ಇದನ್ನೇ ತಡೆಯುವ ಇಂಜೆಕ್ಷನ್ನುಗಳು 2018 ರಿಂದ ಬಳಕೆಗೆ ಬಂದಿವೆ. ಹಾಗಾಗಿ ಮಗಳಿಗೆ ಹೇಳಿ: ನಾಳ ಹಿಗ್ಗುವುದು ಕಥೆಯ ಒಂದು ಅಧ್ಯಾಯ, ಪರೀಕ್ಷೆಯಲ್ಲಿ ಅಷ್ಟೇ ಬರೆದು ಪೆನ್ನು ಕೆಳಗಿಡಬೇಡ.

ನೀವು ಕೇಳದಿದ್ದರೂ ಇನ್ನೊಂದು ಸುದ್ದಿಯ ಬಗ್ಗೆ ಹೇಳದೆ ಇರಲಾರೆ. ಮೆದುಳಿನ ನಾಳಗಳು ಅತಿ ಜೋರಾಗಿ ಓಗೊಡುವುದು ಕಾರ್ಬನ್ ಡೈಆಕ್ಸೈಡಿಗೆ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 40 ಇರುತ್ತದೆ, ಬಿಪಿ ಅಳೆಯುವ ಅದೇ ಮಾನದಲ್ಲಿ. ಜೋರು ಜೋರಾಗಿ ಉಸಿರಾಡಿ ಅದನ್ನು 20ಕ್ಕೆ ಇಳಿಸಿದರೆ ಮೆದುಳಿನ ರಕ್ತದ ಹರಿವು ಹತ್ತಿರ ಹತ್ತಿರ ಅರ್ಧಕ್ಕೆ ಬೀಳುತ್ತದೆ. ಹೊಸದಾಗಿ ಭಸ್ತ್ರಿಕಾ ಕಲಿಯುವವರು ಹುರುಪಿನಲ್ಲಿ ಜಾಸ್ತಿ ಮಾಡಿ ತಲೆ ತಿರುಗುತ್ತಿದೆ ಅನ್ನುವುದು ಇದಕ್ಕೇ. ಕೆಲವರು 'ಶಕ್ತಿ ಏರುತ್ತಿದೆ' ಅಂದುಕೊಳ್ಳುತ್ತಾರೆ. ಏರುತ್ತಿರುವುದು ಏನೂ ಇಲ್ಲ, ರಕ್ತ ಇಳಿಯುತ್ತಿದೆ.

ಹೀಗೆ ಎಲ್ಲ ಸುದ್ದಿಗೂ ಕಿವಿಗೊಟ್ಟರೆ ಮೆದುಳು ಕೆಟ್ಟಿತಲ್ಲ ಅಂತ ನಿಮಗೆ ಅನ್ನಿಸಬಹುದು. ಊಟ ಮಾಡಿದರೆ, ಸಿಟ್ಟು ಬಂದರೆ, ಜ್ವರ ಬಂದರೆ ರಕ್ತದಲ್ಲಿ ಏನೇನೋ ಏರಿಳಿಯುತ್ತದೆ. ಅದಕ್ಕೇ ಮೆದುಳಿನ ಒಳಪದರಕ್ಕೆ ಬೇರೆ ಕಡೆ ಇಲ್ಲದ ಒಂದು ಗುಣ ಇದೆ. ಕೋಶ ಕೋಶಗಳ ನಡುವಿನ ಸಂದುಗಳನ್ನು ಅದು ಬಿಗಿಯಾಗಿ ಹೊಲಿದುಕೊಂಡಿದೆ. ರಕ್ತದಲ್ಲಿರುವ ಅಡ್ರಿನಲಿನ್, ಡೋಪಮೀನ್ ಸಲೀಸಾಗಿ ಒಳಗೆ ಬರಲಾರವು. ಕೆಫೀನ್ ಪುಟ್ಟ ಅಣು, ಕೊಬ್ಬಿನ ಪೊರೆಯಲ್ಲಿ ಜಾರಿಕೊಂಡು ನುಸುಳುತ್ತದೆ. ಹೀಗಾಗಿ ಈ ಒಳಪದರಕ್ಕೆ ಎರಡು ಮುಖ. ಒಂದು ರಕ್ತದ ಕಡೆ, ಒಂದು ಮೆದುಳಿನ ಕಡೆ. ಎರಡೂ ಕಡೆ ಬೇರೆ ಬೇರೆ ಪೀಠಗಳು.

ಜ್ವರ ಇದಕ್ಕೆ ಒಳ್ಳೆ ಉದಾಹರಣೆ. ಗಂಟಲಲ್ಲಿ ಸೋಂಕು ಆದಾಗ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್ ಎಂಬ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ದೊಡ್ಡ ಅಣುಗಳು, ಗೋಡೆ ದಾಟಿ ಮೆದುಳಿಗೆ ಸುಲಭಕ್ಕೆ ಹೋಗಲಾರವು. ಹಾಗಾದರೆ ಮೈ ಬಿಸಿ ಮಾಡು ಅಂತ ಮೆದುಳಿಗೆ ಹೇಳಿದವರು ಯಾರು? ಒಳಪದರವೇ. ರಕ್ತದ ಕಡೆಯ ಮುಖದಿಂದ ಸುದ್ದಿ ಕೇಳಿಸಿಕೊಂಡು, ತಾನೇ ಪ್ರೋಸ್ಟಗ್ಲಾಂಡಿನ್ ಇ2 ತಯಾರಿಸಿ ಮೆದುಳಿನ ಕಡೆ ಬಿಡುತ್ತದೆ. ಸ್ವೀಡನ್ನಿನ ಲಿಂಕೋಪಿಂಗ್‌ನ ಸಂಶೋಧಕರು ಇಲಿಗಳ ಮೆದುಳಿನ ಒಳಪದರದಲ್ಲಿ ಮಾತ್ರ ಈ ತಯಾರಿಕೆ ನಿಲ್ಲಿಸಿ ನೋಡಿದರು. ಜ್ವರ ಕಡಿಮೆಯಾಯಿತು. ನಾವು ನುಂಗುವ ಪ್ಯಾರಾಸಿಟಮಾಲ್ ತಡೆಯುವುದು ಇದೇ ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನು. ನೋಡಿ, ರಕ್ತದ ಸುದ್ದಿಯನ್ನು ಮೆದುಳಿನ ಭಾಷೆಗೆ ತಿರುಗಿಸಿ ಹೇಳುವ ದುಭಾಷಿ ಕೂಡ ಅದೇ.

ಈಗ ನಿಮ್ಮಿಬ್ಬರಿಗೂ ಕೆಲಸಕ್ಕೆ ಬರುವ ಮಾತು.

ಯಜಮಾನರು ತಲೆನೋವಿಗೆ ಹೆದರಿ ಮಾತ್ರೆ ಬಿಡುವುದು ಬೇಡ. ಮಾತ್ರೆ ಇಡುವಾಗ ಕೂತಿರಲಿ. ನಿಂತಿದ್ದರೆ ಬಿಪಿ ಇಳಿದು ಬೀಳುವ ಸಾಧ್ಯತೆ ಇದೆ. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದೇ, ಪ್ರಮಾಣ ಬದಲಿಸಬೇಕೇ ಅಂತ ಅವರ ವೈದ್ಯರನ್ನೇ ಕೇಳಲಿ. ಮಾತ್ರೆ ಇಟ್ಟೂ ಎದೆನೋವು ಐದು ನಿಮಿಷದಲ್ಲಿ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ, ತಲೆನೋವಿನ ಯೋಚನೆ ಆಮೇಲೆ. ಇನ್ನೊಂದು ಮಾತು ಹೇಳಲೇಬೇಕು. ಸಿಲ್ಡೆನಾಫಿಲ್, ಅದೇ ವಯಾಗ್ರ ತರಹದ ಮಾತ್ರೆ, ಇದರ ಜೊತೆ ಸೇರಲೇಬಾರದು. ನೈಟ್ರಿಕ್ ಆಕ್ಸೈಡ್ ಸಿಜಿಎಂಪಿ ಏರಿಸುತ್ತದೆ ಅಂದೆನಲ್ಲ, ಸಿಲ್ಡೆನಾಫಿಲ್ ಆ ಸಿಜಿಎಂಪಿ ಒಡೆಯದಂತೆ ತಡೆಯುತ್ತದೆ. ಎರಡೂ ಸೇರಿದರೆ ಮೈಯ ನಾಳಗಳೆಲ್ಲ ಒಮ್ಮೆಲೇ ಸಡಿಲವಾಗಿ ಬಿಪಿ ಪಾತಾಳಕ್ಕೆ ಹೋಗಬಹುದು. ಸಂಕೋಚಕ್ಕೆ ವೈದ್ಯರಿಂದ ಮುಚ್ಚಿಡುವವರು ಬಹಳ ಜನ.

ಇಬ್ಬರಿಗೂ ಒಂದು ಎಚ್ಚರಿಕೆ. ಸಿಡಿಲು ಬಡಿದ ಹಾಗೆ ಒಂದೇ ನಿಮಿಷದಲ್ಲಿ ತುತ್ತತುದಿಗೆ ಏರುವ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ ಕಾಫಿಯೂ ಬೇಡ, ಮಾತ್ರೆಯೂ ಬೇಡ, ನೇರ ಆಸ್ಪತ್ರೆ. ಮೆದುಳಿನ ಹೊರಮೈಯಲ್ಲಿ ನಾಳ ಒಡೆದಿರಬಹುದು. ಚೆಲ್ಲಿದ ರಕ್ತದ ಹಿಮೋಗ್ಲೋಬಿನ್ ಅಲ್ಲಿನ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ಸಡಿಲಿಸುವ ಸುದ್ದಿಯೇ ಇಲ್ಲದೆ, ನಾಲ್ಕನೇ ದಿನದಿಂದ ಎರಡು ವಾರದವರೆಗೆ ಸುತ್ತಲಿನ ನಾಳಗಳು ಸೆಟೆದುಕೊಳ್ಳುವ ಅಪಾಯ ಇರುತ್ತದೆ. ಅದಕ್ಕೇ ಅಂಥವರಿಗೆ 21 ದಿನ ನಿಮೋಡಿಪಿನ್ ಎಂಬ ಔಷಧಿ ಕೊಡುವುದು.

ನಿಮ್ಮ ಏಕಾದಶಿಗೆ ಬರೋಣ. ಉಪವಾಸದಲ್ಲಿ ನೀರಿಲ್ಲದೆ, ಹೊಟ್ಟೆ ಖಾಲಿಯಿದ್ದೂ ತಲೆನೋವು ಬರುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಒಂದು ದಾರಿ ಇದೆ. ದ್ವಾದಶಿ ಪಾರಣೆಯಲ್ಲಿ ಊಟ, ನೀರು ಎರಡೂ ಆದ ಮೇಲೆ ಕಾಫಿಯನ್ನು ಒಂದು ಗಂಟೆ ತಡ ಮಾಡಿ ನೋಡಿ. ಊಟಕ್ಕೇ ನೋವು ಇಳಿದರೆ ಉಪವಾಸದ್ದು. ಕಾಫಿಗಾಗಿ ಕಾದು ಕೂತಿದ್ದರೆ ಕೆಫೀನಿನದ್ದು. ಎರಡನೆಯದಾದರೆ ದಶಮಿಯ ದಿನ ಒಮ್ಮೆಲೇ ನಿಲ್ಲಿಸುವ ಬದಲು ವಾರದ ಮುಂಚಿನಿಂದ ಎರಡು ದಿನಕ್ಕೊಮ್ಮೆ ಅರ್ಧ ಲೋಟ ಇಳಿಸುತ್ತಾ ಬನ್ನಿ. ಹೆಚ್ಚಾದ ಸೀಟುಗಳನ್ನು ಮೆದುಳು ತಾನೇ ನಿಧಾನಕ್ಕೆ ತೆಗೆಸುತ್ತದೆ. ದಿನಕ್ಕೆ 100 ಮಿಲಿಗ್ರಾಂ ಕೆಫೀನ್ ಅಭ್ಯಾಸವಿದ್ದರೂ ಬಿಟ್ಟಾಗ ತಲೆನೋವು ಬರಬಹುದು, ಆದ್ದರಿಂದ 'ನನ್ನದು ಬರೀ ಎರಡು ಲೋಟ' ಅಂತ ಲೆಕ್ಕ ಹಾಕಬೇಡಿ.

ಲೆಕ್ಕ ಹಾಕುವುದಿದ್ದರೆ ಪುಡಿ ಪ್ಯಾಕೆಟ್ಟಿನ ಹಿಂಬದಿ ನೋಡಿ. ಚಿಕೋರಿ ಎಷ್ಟು ಅಂತ ಬರೆದಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಇನ್ನೊಂದು ಕಡೆ ರೊಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್. ಹಾಗಾಗಿ ಬರೀ ರೊಬಸ್ಟಾ ಪುಡಿಯ ಎರಡು ಲೋಟ, ನೂರಕ್ಕೆ ನಲವತ್ತು ಚಿಕೋರಿ ಬೆರೆಸಿದ ಪುಡಿಯ ಎರಡು ಲೋಟ ಒಂದೇ ಅಲ್ಲ. ಆ ಒಂದು ವಾರಕ್ಕೆ ಚಿಕೋರಿ ಜಾಸ್ತಿ ಇರುವ ಪುಡಿ ತಂದಿಟ್ಟುಕೊಂಡರೆ ಲೋಟದ ಲೆಕ್ಕ ಕಡಿಮೆ ಮಾಡದೆಯೇ ಅರ್ಧ ಕೆಲಸ ಆಗುತ್ತದೆ. ರುಚಿಯ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ, ನಾನು ಚಿಕೋರಿ ಮುಟ್ಟದ ಜಾತಿಯವನು.